ಹಾಲೂಡುವ ಉಮ್ಮನ ಊಟ ಯಾರ ಹೊಣೆ?

ತಾಯಂದಿರು ಎರಡು ವರ್ಷ ಹಾಲುಣಿಸುವ ಬಗ್ಗೆ ಹೇಳುವ ಸೂರಃ ಅಲ್ ಬಕರದ 233ನೇ ಆಯತ್ ನಮಗೆಲ್ಲ ಗೊತ್ತು. ಆ ತಾಯಿಯ ಊಟ, ಬಟ್ಟೆಯ ಹೊಣೆ ತಂದೆಯದ್ದು ಅಂತ ಅದೇ ಆಯತ್ ಹೇಳುತ್ತದೆ. ಇದನ್ನು ಮಾತ್ರ ನಾವು ಮರೆತಿದ್ದೇವೆ.

ಬಾಣಂತಿಗೆ ನಲವತ್ತು ದಿನ ತುಪ್ಪ, ಕೋಳಿ ಸಾರು. ಆಮೇಲೆ? ಎಲ್ಲರೂ ಉಂಡು ಉಳಿದದ್ದು, ಇಲ್ಲವೇ ಚಹಾ, ಬನ್ನು. ಸೊಪ್ಪು, ಹಣ್ಣು 'ಶೀತ' ಅಂತ ಪಥ್ಯ ಬೇರೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ತಪಾಸಣೆ ಮಾಡಿದರು. ಬಸಿರಲ್ಲಿ ಸಕ್ಕರೆ ಕಾಯಿಲೆ ಇದ್ದವರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಕಂಡಿತು. ಹೆರಿಗೆಯಾದರೆ ಈ ನಂಟು ಮುಗಿಯಲ್ಲ. ತಾಯಿ ತಿನ್ನುವ ಕೊಬ್ಬಿನ ಗುಣ, ಬಿ12, ಅಯೋಡಿನ್ ಎಲ್ಲ ಹಾಲಿನ ಮೂಲಕ ಮಗುವಿಗೆ ಸೇರುತ್ತವೆ.

ದುಬಾರಿಯದ್ದೇನೂ ಬೇಡ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ ಇದೆ. ಜೊತೆಗೆ ನಮ್ಮ ಮೀನು, ಮೊಟ್ಟೆ ಇರಲಿ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟ ಬಾಣಂತಿಯರಿಗೂ ಇದೆ, ನಾಚಿಕೆ ಬೇಡ.

ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೋಗುವ ತಂದೆಯರೇ, ಮಗುವನ್ನು ಎತ್ತಿಕೊಳ್ಳುವ ಮೊದಲು ಅದರ ಉಮ್ಮನನ್ನು ಕೇಳಿ: ಇವತ್ತು ಏನು ಊಟ ಮಾಡಿದೆ?