ಮರದ ಬುಡಕ್ಕೆ ಸಿಮೆಂಟ್ ಸುರಿಯಬೇಡಿ

ಶಾಲೆ, ಗುಡಿ, ಪಂಚಾಯಿತಿ ಅಂಗಳ, ಎಲ್ಲಿ ನೋಡಿದರೂ ಹೊಂಗೆ, ಬೇವಿನ ಬುಡಕ್ಕೆ ಸಿಮೆಂಟ್ ಕಟ್ಟೆ. ಬಿಲ್ ಆಯಿತು, ಬಣ್ಣ ಬಿತ್ತು, ಫೋಟೊ ತೆಗೆದಾಯಿತು. ಇದನ್ನು ಅಭಿವೃದ್ಧಿ ಅನ್ನಲು ನಾವು ಒಪ್ಪುವುದಿಲ್ಲ.

ನೀರು ಹೀರುವ ಬೇರುಗಳು ಹೆಚ್ಚಾಗಿ ಮೇಲಿನ 2 ಅಡಿ ಮಣ್ಣಲ್ಲೇ ಇರುತ್ತವೆ. ಅವಕ್ಕೆ ಗಾಳಿಯೂ ಬೇಕು. ಸಿಮೆಂಟ್ ಎರಡನ್ನೂ ತಡೆಯುತ್ತದೆ. ಕಾಂಡಕ್ಕೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ದಿಲ್ಲಿಯಲ್ಲಿ ಮರಗಳ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ. ನಮ್ಮೂರ ಮರಕ್ಕೆ ಉಸಿರು ಬೇಡವೇ?

ಅಶ್ವತ್ಥ ಕಟ್ಟೆ ಇಲ್ಲವೇ ಎನ್ನಬೇಡಿ. ಅಜ್ಜಂದಿರು ಕಲ್ಲು ಜೋಡಿಸಿದರು, ಸಂದಿನಲ್ಲಿ ನೀರು ಇಳಿಯುತ್ತಿತ್ತು.

ಹೊಸ ಸಸಿಗೆ ಎತ್ತರದ ಮಡಿ ಬೇಕಿದ್ದರೆ ಹಲಗೆ ಪೆಟ್ಟಿಗೆ ಮಾಡಿ. ಜಾಲಿಯ ಕೆಚ್ಚಿನ ಹಲಗೆ, 4 ಅಡಿ ಚೌಕ, ಒಂದೂವರೆ ಅಡಿ ಎತ್ತರ. ತಳ ಹಾಕಬೇಡಿ, ಬೇರು ನೆಲಕ್ಕಿಳಿಯಲಿ. ಹಲಗೆ ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಕೂರಿಸಿ. ಕಾಂಡದ ಬುಡ ಮಣ್ಣಿನ ಮೇಲೆ ಕಾಣುತ್ತಿರಲಿ. ಬೆಳೆದ ಮರಕ್ಕೆ ಪೆಟ್ಟಿಗೆಯೂ ಬೇಡ, ತರಗೆಲೆ ಹೊದಿಸಿದರೆ ಸಾಕು.

ಹಲಗೆ ಮುಂದೆ ಲಡ್ಡಾದರೆ ಆಗಲಿ, ಅಷ್ಟರಲ್ಲಿ ಮರ ಬೇರೂರಿರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ: ಕಟ್ಟೆಯ ದುಡ್ಡು ಮರಕ್ಕೋ, ಗುತ್ತಿಗೆದಾರನಿಗೋ?