ಅಕ್ಷರವರಿಯದ ವಿದ್ಯೆ

ಓದು ಬರಹ ಬಾರದವರನ್ನು ಅವಿದ್ಯಾವಂತರೆಂದು ಕರೆಯುವುದು ನಮಗೆ ರೂಢಿಯಾಗಿಬಿಟ್ಟಿದೆ. ಅಕ್ಷರ ಬೇರೆ, ವಿದ್ಯೆ ಬೇರೆ ಎಂಬುದನ್ನು ನಾವು ಮರೆತಿದ್ದೇವೆ. ಕನ್ನಡ ನಾಡಿನ ಜನರು ಓದದೆಯೂ ಕಾವ್ಯದಲ್ಲಿ ಪರಿಣತರೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕೊಂಡಾಡಿದೆ. ಅದು ಬರಿಯ ಹೊಗಳಿಕೆಯಲ್ಲವೆಂಬುದಕ್ಕೆ ನಮ್ಮ ಕಾಲದಲ್ಲಿಯೇ ಬಾಳಿದ ದರೋಜಿ ಈರಮ್ಮನವರು ಸಾಕ್ಷಿ.

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿ ಅವರ ಊರು. ಊರೂರು ಅಲೆದು ಕಥೆ ಹಾಡಿ ಬದುಕುತ್ತಿದ್ದ ಬುಡ್ಗ ಜಂಗಮ ಸಮುದಾಯದಲ್ಲಿ ಹುಟ್ಟಿದ ಅವರಿಗೆ ಅಕ್ಷರಾಭ್ಯಾಸದ ಭಾಗ್ಯ ದೊರೆಯಲಿಲ್ಲ. ತಂದೆ ಲಾಲಪ್ಪನವರೇ ಗುರು, ಬುರ್ರಕಥೆಯೇ ಕುಲವಿದ್ಯೆ. ಈ ಕಲೆಯಲ್ಲಿ ಮುಖ್ಯ ಗಾಯಕರು ತಂಬೂರಿ ಹಿಡಿದು ಕಥೆಯನ್ನು ನಡೆಸುವರು. ಜೊತೆಗಾರರು ಚರ್ಮವಾದ್ಯ ನುಡಿಸುತ್ತ, ದನಿಗೂಡಿಸುತ್ತ, ನಡುನಡುವೆ ಪ್ರಶ್ನೆ ಕೇಳಿ ಕಥೆಗೆ ಚಾಲನೆ ಕೊಡುವರು. ಈರಮ್ಮನವರಿಗೆ ಜೊತೆಯಾದವರೂ ಅವರ ಮನೆಯ ಹೆಣ್ಣುಮಕ್ಕಳೇ.

ಅವರ ನೆನಪಿನಲ್ಲಿ ಹನ್ನೆರಡು ಜನಪದ ಕಾವ್ಯಗಳಿದ್ದವು. ಅವುಗಳಲ್ಲಿ ಎರಡು ಲಕ್ಷ ಪದಗಳಿವೆ, ಅಚ್ಚು ಹಾಕಿಸಿದರೆ 7,000 ಪುಟಗಳಾಗುತ್ತವೆ ಎಂಬುದು ಬಲ್ಲವರ ಲೆಕ್ಕ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸೇನೆಯನ್ನು ಎದುರಿಸಿ ಮಡಿದ ಕಂಪಿಲಿಯ ಕುಮಾರರಾಮನ ಕಥೆ ಅವುಗಳಲ್ಲಿ ಒಂದು. ಇಷ್ಟನ್ನೂ ಅವರು ಗಿಳಿಪಾಠದಂತೆ ಒಪ್ಪಿಸುತ್ತಿದ್ದರೆಂದು ತಿಳಿಯಬಾರದು. ಬಾಯಿಂದ ಬಾಯಿಗೆ ಸಾಗುವ ಕಾವ್ಯದಲ್ಲಿ ಕಥೆಯ ಎಳೆ, ಲಯ ಮತ್ತು ಮರಳಿ ಮರಳಿ ಬರುವ ನುಡಿಗಟ್ಟುಗಳು ಗಾಯಕರಿಗೆ ಆಧಾರ. ಉಳಿದುದನ್ನು ಅವರು ಸಭೆಯನ್ನು ನೋಡಿ, ಹೊತ್ತನ್ನು ನೋಡಿ, ಆಗಲೇ ಕಟ್ಟುವರು. ಇದು ನೆನಪಿನ ಕೆಲಸ ಮಾತ್ರವಲ್ಲ, ಕವಿಯ ಕೆಲಸವೂ ಹೌದು.

ನಾಡು ಅವರನ್ನು ಗುರುತಿಸಿತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಸಂದವು. ಶಾಲೆ ಕಾಣದವರನ್ನು ವಿಶ್ವವಿದ್ಯಾಲಯವೇ ಕರೆದು ಮನ್ನಿಸಿತು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ಹಾಗಾದರೆ ಅಕ್ಷರವೇ ಬೇಡವೆ? ಹಾಗೆಂದರೆ ತಪ್ಪಾಗುತ್ತದೆ. ಈರಮ್ಮನವರ ಅನಕ್ಷರತೆ ಅವರ ಹಿರಿಮೆಯಲ್ಲ. ಅಲೆಮಾರಿಗಳ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯದ ಸಮಾಜದ ಕೊರತೆ. ಹಾಡನ್ನು ಬಲ್ಲವರು ಅಳಿದರೆ ಹಾಡೂ ಅಳಿಯುತ್ತದೆ; ಅದನ್ನು ಕಾಪಾಡಲು ಬರಹವೂ ಧ್ವನಿಮುದ್ರಣವೂ ಬೇಕು. ಆದರೆ ಬರೆದಿಟ್ಟ ಮಾತ್ರಕ್ಕೆ ಹಾಡು ಉಳಿಯಿತೆಂದು ನೆಮ್ಮದಿಯಿಂದಿರಲಾಗದು. ಪುಸ್ತಕದಲ್ಲಿ ಮಾತು ಉಳಿಯುತ್ತದೆ. ಆ ದನಿ, ಆ ಲಯ, ಸಭೆಯೊಡನೆ ನಡೆಯುವ ಆ ಸಂವಾದ ಉಳಿಯುವುದು ಇನ್ನೊಬ್ಬರು ಕಲಿತು ಹಾಡಿದಾಗ ಮಾತ್ರ. ಪ್ರಶಸ್ತಿಯಿಂದ ಗಾಯಕರಿಗೆ ಮನ್ನಣೆ ದೊರೆಯಬಹುದು. ಹಾಡಿಗೆ ಬೇಕಾದುದು ಶಿಷ್ಯರು.

ಆದುದರಿಂದ ಅಕ್ಷರ ಕಲಿತವರ ಮೇಲೆ ಒಂದು ಋಣವಿದೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಅವರ ಬಳಿ ಕುಳಿತು ಕೇಳಿರಿ. ಕೇಳಿದ್ದನ್ನು ಬರೆದಿಡಿರಿ, ಹಾಡಿದವರ ಹೆಸರನ್ನೂ ಬರೆಯಿರಿ. ಒಂದನ್ನಾದರೂ ಕಲಿತು ಹಾಡಿರಿ.