ಮಾರಿದ ಆಟವನ್ನು ಮರಳಿ ಕಸಿಯುವ ನ್ಯಾಯ

ಪದಾರ್ಥವನ್ನು ಮಾರಿ ಹಣವನ್ನೆಣಿಸಿಕೊಂಡವನಿಗೆ ಆ ಪದಾರ್ಥದ ಮೇಲೆ ಮತ್ತೆ ಅಧಿಕಾರವಿಲ್ಲವೆಂಬುದು ಸಂತೆಗೆ ಹೋಗುವ ಹುಡುಗನೂ ಬಲ್ಲ ನ್ಯಾಯವು. ಕುಂಬಾರನು ಗಡಿಗೆಯನ್ನು ಮಾರಿ, ಹತ್ತು ವರ್ಷಗಳ ತರುವಾಯ ಕೊಂಡವರ ಅಡಿಗೆಮನೆಗೆ ನುಗ್ಗಿ ಅದನ್ನು ಒಡೆದುಹೋಗುವುದಿಲ್ಲ. ಗ್ರಂಥದ ಮುದ್ರಣವನ್ನು ನಿಲ್ಲಿಸಿದ ಪ್ರಕಾಶಕನು ಮನೆಮನೆಯ ಕಪಾಟಿನಿಂದ ಪ್ರತಿಗಳನ್ನು ಹೊತ್ತೊಯ್ಯುವುದಿಲ್ಲ. ಇಷ್ಟು ಸುಲಭವಾದ ನ್ಯಾಯವು ವಿಡಿಯೋ ಆಟಗಳ ವ್ಯಾಪಾರದಲ್ಲಿ ನಡೆಯದೆ ಹೋಗಿರುವುದು. ಇದಕ್ಕೆ ಯಂತ್ರದ ಸ್ವಭಾವವೇ ಕಾರಣವೆಂದು ವ್ಯಾಪಾರಿಗಳು ಹೇಳುವರು. ವಿಚಾರಿಸಿ ನೋಡಿದರೆ ಕಾರಣವು ಅವರ ಇಚ್ಛೆಯೇ ಹೊರತು ಮತ್ತೊಂದಲ್ಲ.

ಫ್ರಾನ್ಸ್ ದೇಶದ ಯೂಬಿಸಾಫ್ಟ್ ಎಂಬ ಕಂಪನಿಯು 2014ನೆಯ ಡಿಸೆಂಬರಿನಲ್ಲಿ 'ದಿ ಕ್ರೂ' ಎಂಬ ಮೋಟಾರು ಪಂದ್ಯದ ಆಟವನ್ನು ಹೊರತಂದಿತು. ಅಮೆರಿಕ ಸಂಯುಕ್ತ ಸಂಸ್ಥಾನವನ್ನೇ ಕುಗ್ಗಿಸಿ ಬರೆದಂಥ ಭೂಭಾಗದಲ್ಲಿ, ಒಂದು ಸಾಗರದ ದಡದಿಂದ ಇನ್ನೊಂದು ಸಾಗರದ ದಡಕ್ಕೆ, ಬೆಟ್ಟ ಬಯಲು ನಗರಗಳನ್ನು ಹಾಯ್ದು ಮನಬಂದಂತೆ ವಾಹನವನ್ನು ನಡೆಸಬಹುದಾದುದೇ ಅದರ ಸೊಗಸು. ಒಬ್ಬನೇ ಕುಳಿತು ಆಡಿ ಮುಗಿಸಲು ಅದರಲ್ಲಿ ಒಂದು ಕಥೆಯೂ ಇದ್ದಿತು. ಹೀಗಿದ್ದರೂ ಕಂಪನಿಯ ಸರ್ವರಿನೊಡನೆ, ಎಂದರೆ ದೂರದಲ್ಲೆಲ್ಲೋ ಇರುವ ಅದರ ಗಣಕಯಂತ್ರದೊಡನೆ, ಸಂಪರ್ಕವಿದ್ದ ಹೊರತು ಆಟವು ಬಾಗಿಲನ್ನೇ ತೆರೆಯದಂತೆ ರಚಿತವಾಗಿತ್ತು. 2023ರ ಡಿಸೆಂಬರಿನಲ್ಲಿ ಮಾರಾಟವು ನಿಂತಿತು; 2024ನೆಯ ಮಾರ್ಚ್ 31ರಂದು ಸರ್ವರನ್ನು ಆರಿಸಲಾಯಿತು. ಅಂದಿನಿಂದ ಕೊಂಡವರ ಮನೆಯಲ್ಲಿ ಡಿಸ್ಕು ಉಂಟು, ಆಟವಿಲ್ಲ. ಅಷ್ಟಕ್ಕೂ ಬಿಡದೆ, ಆಟಗಾರರ ಖಾತೆಗಳಿಂದ ಅದರ ಪರವಾನಗಿಯನ್ನು ಸಹ ತೆಗೆದುಹಾಕಿದರು. ಕ್ಯಾಲಿಫೋರ್ನಿಯದಲ್ಲಿ ಕೆಲವರು ನ್ಯಾಯಾಸ್ಥಾನವನ್ನು ಮೊರೆಹೊಕ್ಕಾಗ ಕಂಪನಿಯು ಕೊಟ್ಟ ಉತ್ತರವಿಷ್ಟೆ: ನೀವು ಕೊಂಡದ್ದು ಆಟವನ್ನಲ್ಲ, ಆಡುವುದಕ್ಕೆ ಮಿತವಾದ ಅನುಮತಿಯನ್ನು.

ಅನುಮತಿಯನ್ನು ಮಾರುವವನು ಅಂಗಡಿಯ ಹಲಗೆಯ ಮೇಲೆ 'ಕೊಳ್ಳಿರಿ' ಎಂದು ಏಕೆ ಬರೆಯಬೇಕು? 'ಬಾಡಿಗೆಗೆ ಉಂಟು, ಗಡುವು ನಮ್ಮ ಚಿತ್ತ' ಎಂದು ಬರೆದಿದ್ದರೆ ಪೂರ್ಣ ಬೆಲೆಯನ್ನು ಯಾರು ತೆರುತ್ತಿದ್ದರು? ಹತ್ತಾರು ಪುಟಗಳ ಕರಾರಿನೊಳಗೆ ಈ ಮಾತು ಇದ್ದೇ ಇತ್ತೆಂಬುದು ದಿಟ. ಆ ಕರಾರನ್ನು ಓದಿ ಮುಗಿಸಿದ ಆಟಗಾರನನ್ನು ಹುಡುಕುವುದಕ್ಕೆ ಮಾತ್ರ ದೀಪ ಹಿಡಿಯಬೇಕು. ಕೇವಲ ಅನುಮತಿಯನ್ನು ಕೊಡುವಾಗ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳು' ಎಂಬ ಮಾತನ್ನು ಬಳಸಕೂಡದೆಂದು ಕ್ಯಾಲಿಫೋರ್ನಿಯ ಸಂಸ್ಥಾನವು 2024ರಲ್ಲಿ ಮಾಡಿದ ಶಾಸನವು 2025ರಿಂದ ಜಾರಿಗೆ ಬಂದಿತು. ಶಾಸನವು ಮಾತಿನ ಸುಳ್ಳನ್ನು ತಡೆಯಿತು, ಅಷ್ಟೆ. ಕಸಿಯುವುದನ್ನು ತಡೆಯಲಿಲ್ಲ. ಭಾರತದ 2019ರ ಗ್ರಾಹಕ ಸಂರಕ್ಷಣಾ ಶಾಸನವಾದರೋ, ಯುಕ್ತ ಕಾರಣವಿಲ್ಲದೆ ಒಬ್ಬನೇ ಮುರಿಯಬಹುದಾದ ಕರಾರನ್ನು ಅನ್ಯಾಯದ ಕರಾರುಗಳ ಸಾಲಿನಲ್ಲಿ ಎಣಿಸಿದೆ. ಇದೇ ಆಟಗಳನ್ನು ಕೊಳ್ಳುವ ಕನ್ನಡಿಗರ ಮನೆಗಳು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಸರ್ವರನ್ನು ಆಚಂದ್ರಾರ್ಕವಾಗಿ ನಡೆಸುವುದು ಯಾವ ಕಂಪನಿಗೆ ಸಾಧ್ಯ, ಎಂದು ಕೇಳುವವರುಂಟು. ನಂದಾದೀಪವನ್ನು ಯಾರೂ ಬೇಡಿಲ್ಲ. ದಿ ಕ್ರೂ ಮುಚ್ಚಿದ ಮೇಲೆ ರಾಸ್ ಸ್ಕಾಟ್ ಎಂಬವರು ಆರಂಭಿಸಿದ ಚಳವಳಿಯ ಬೇಡಿಕೆಯು ತೀರ ಸಣ್ಣದು: ಕಂಪನಿಯು ಬೆಂಬಲವನ್ನು ನಿಲ್ಲಿಸಲಿ, ನಿಲ್ಲಿಸುವಾಗ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಲಿ. ಯೂರೋಪಿನ ಒಕ್ಕೂಟದಲ್ಲಿ 2025ರ ಜುಲೈ ತಿಂಗಳೊಳಗೆ 10 ಲಕ್ಷಕ್ಕೂ ಮಿಕ್ಕು ಜನರು ಈ ಬೇಡಿಕೆಗೆ ರುಜು ಹಾಕಿದರು. ಇದರಿಂದ ಆಟಗಳ ರಚನೆಯು ವಿಪರೀತ ದುಬಾರಿಯಾಗುವುದೆಂದೂ, ರಚನಕಾರರ ಸ್ವಾತಂತ್ರ್ಯಕ್ಕೆ ಕುಂದೆಂದೂ ಅಲ್ಲಿನ ವ್ಯಾಪಾರಿಗಳ ಸಂಘವು ಗೋಳಿಟ್ಟಿತು. 'ನಾಕೌಟ್ ಸಿಟಿ' ಎಂಬ ಆಟವನ್ನು 2023ರಲ್ಲಿ ಮುಚ್ಚಿದ ವೆಲನ್ ಎಂಬ ಸ್ಟುಡಿಯೋ, ಆಟಗಾರರೇ ತಮ್ಮ ಸರ್ವರನ್ನು ನಡೆಸಿಕೊಳ್ಳುವಂಥ ಪ್ರತಿಯನ್ನು ಕೊಟ್ಟುಹೋಯಿತಲ್ಲ! 1993ರ 'ಡೂಮ್' ಆಟದ ಮೂಲಬರೆಹವನ್ನು ಅದರ ಕರ್ತೃಗಳು 1997ರಲ್ಲಿ ಲೋಕಕ್ಕೆ ಒಪ್ಪಿಸಿದರು. ಇಂದಿಗೂ ಹೊಸ ಹೊಸ ಯಂತ್ರಗಳ ಮೇಲೆ ಅದು ನಡೆಯುತ್ತಲೇ ಇದೆ. ಹೋಗಲಿ, ಬಿಡುಗಡೆಯಾದ ಎರಡೇ ವಾರಗಳಲ್ಲಿ 'ಕಾಂಕಾರ್ಡ್' ಆಟವನ್ನು ನಿಲ್ಲಿಸಿದ ಸೋನಿ ಕಂಪನಿಯು 2024ರಲ್ಲಿ ಕೊಂಡವರ ಹಣವನ್ನಾದರೂ ಹಿಂದಿರುಗಿಸಿತು.

'ಎಷ್ಟಾದರೂ ಆಟ ತಾನೆ' ಎಂದು ಉಪೇಕ್ಷಿಸುವ ವಿದ್ಯಾವಂತ ಗೃಹಸ್ಥರಿಗೂ ಒಂದು ಮಾತುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಮಣೆಯ ಆಟಗಳಿಗೂ ಸ್ಥಳವನ್ನು ಕೊಟ್ಟರು. ಬರೆದಿಟ್ಟುದರಿಂದ ಅವು ಉಳಿದುವು. ಮನೆಮನೆಯಲ್ಲಿ ಓಲೆಗರಿಯ ಕಟ್ಟುಗಳಿದ್ದುದರಿಂದಲೇ ಹಳಕಟ್ಟಿಯವರಿಗೆ ವಚನಗಳು ದೊರೆತುವಲ್ಲವೇ? ಪ್ರತಿಗಳೆಲ್ಲ ಒಬ್ಬನ ಉಗ್ರಾಣಕ್ಕೆ ದಾರದಿಂದ ಕಟ್ಟಿಸಿಕೊಂಡಿದ್ದು, ಆತನು ದಾರವನ್ನೆಳೆದಿದ್ದರೆ ಹುಡುಕುವುದಕ್ಕೇನಿರುತ್ತಿತ್ತು? ಈ ದಾರವು ಗ್ರಂಥಗಳಿಗೂ ತಗಲದೆ ಬಿಟ್ಟಿಲ್ಲ: 2009ರಲ್ಲಿ ಅಮೆಜಾನ್ ಕಂಪನಿಯು ಜಾರ್ಜ್ ಆರ್ವೆಲ್ಲನ '1984' ಎಂಬ ಕಾದಂಬರಿಯನ್ನೇ (ವಿಧಿಯ ವಿನೋದವೆನ್ನಬೇಕು!) ಕೊಂಡವರ ಕಿಂಡಲ್ ಯಂತ್ರಗಳೊಳಗಿಂದ ಅಳಿಸಿಹಾಕಿತು. ಮಾರಿದವನಿಗೆ ಹಕ್ಕಿಲ್ಲದ ಪ್ರತಿಯೆಂಬುದು ಕಾರಣ. ಹಣವನ್ನು ಮರಳಿಸಿ ಕ್ಷಮೆಯನ್ನೂ ಬೇಡಿದರು. ಭಾರತದ 1954ರ ಶಾಸನದಂತೆ ಪ್ರಕಾಶಕನು ಗ್ರಂಥದ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕು. ಆಟಗಳಿಗೆ ಅಂಥ ಭಂಡಾರವೆಲ್ಲಿ? 2010ಕ್ಕೆ ಹಿಂದೆ ಅಮೆರಿಕದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಅಂಗಡಿಯಲ್ಲಿ ದೊರೆಯುವುದಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತಿಳಿಸಿತು. ಆದರೂ ಹಳೆಯ ಆಟದ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟುಕೊಂಡವನು ಇಂದು ಅದನ್ನು ಇಳಿಸಿ ಆಡಬಲ್ಲನು. ಹೊಸ ಆಟಕ್ಕೆ ಆ ಭಾಗ್ಯವೂ ಇಲ್ಲ.

ಕೂಗು ಎದ್ದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಅದೇ ಯೂಬಿಸಾಫ್ಟ್ ಕಂಪನಿಯು 'ದಿ ಕ್ರೂ' ಆಟದ ಎರಡನೆಯ ಭಾಗಕ್ಕೆ ಸರ್ವರಿಲ್ಲದೆ ಆಡುವ ಏರ್ಪಾಡನ್ನು ಮಾಡುವುದಾಗಿ ಸಾರಿತು. ಎರಡನೆಯದಕ್ಕೆ ಸಾಧ್ಯವಾದುದು ಮೊದಲನೆಯದಕ್ಕೆ ಏಕೆ ಆಗಲಿಲ್ಲ? ಅದಕ್ಕೆ ಉತ್ತರವನ್ನು ಕೊಟ್ಟವರು ಕಂಪನಿಯವರಲ್ಲ. 2025ರ ಸೆಪ್ಟೆಂಬರಿನಲ್ಲಿ ಕೆಲವು ಮಂದಿ ಆಟಗಾರರೇ ಕೂಡಿ, ಸತ್ತ ಸರ್ವರಿನ ಕೆಲಸವನ್ನು ಮಾಡುವ ಮತ್ತೊಂದನ್ನು ರಚಿಸಿ, ಆಟದ ಕಡತಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದವರು ಮರಳಿ ವಾಹನವನ್ನೇರುವಂತೆ ಮಾಡಿದರು.